ಕೆಲಸದಲ್ಲಿ ಖುಷಿ ಇಲ್ಲ, ಬಿಡೋ ಟೈಮ್ ಬಂತು ಅಂತ ನಿಮಗೆ ಹೇಗೆ ಗೊತ್ತಾಯ್ತು?

ವಿಜಯನಗರ_ಟೆಸ್ಟರ್:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳ್ಬೇಕು ಅನ್ಕೊಂಡು ಸುಮ್ನಾಗ್ತಿದ್ದೆ, ಇವತ್ತು ಕೇಳೇಬಿಡ್ತೀನಿ. ನಿಮ್ಮಲ್ಲಿ ಯಾರಿಗಾದ್ರೂ ನಿಮ್ಮ ಕೆಲಸ ನಿಜವಾಗ್ಲೂ ಇಷ್ಟನಾ? ಇಷ್ಟ ಇಲ್ದೆ ಬಿಟ್ಟೋರು ಇದ್ರೆ, ಯಾವಾಗ ಗಟ್ಟಿ ಮನಸು ಮಾಡಿದ್ರಿ?

ನನಗೆ 34. 2013ರಲ್ಲಿ ಬಿಇ ಮುಗಿಸಿ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಸೇರಿದೋನು ಇವತ್ತಿಗೂ ಅದರಲ್ಲೇ ಇದೀನಿ. ಇದು ಮೂರನೇ ಕಂಪನಿ, ಇಲ್ಲಿ 4 ವರ್ಷ 7 ತಿಂಗಳಾಯ್ತು. ಬೆಂಗಳೂರಲ್ಲಿ ಮನೆ ವಿಜಯನಗರ, ಆಫೀಸು ಕುಂದಲಹಳ್ಳಿ. ಮುಂಚೆ ನನ್ನ ಸಿಟ್ಟೆಲ್ಲಾ ಟ್ರಾಫಿಕ್ ಮೇಲೆ ಇತ್ತು, 2023ರ ಅಕ್ಟೋಬರಲ್ಲಿ ಮೆಟ್ರೋ ಪರ್ಪಲ್ ಲೈನ್ ವೈಟ್‌ಫೀಲ್ಡ್ ತನಕ ಪೂರ್ತಿ ಆದ್ಮೇಲೆ ಆರಾಮಾಗಿ ಕೂತ್ಕೊಂಡು ಹೋಗ್ತೀನಿ, ಆದ್ರೂ ಸಿಟ್ಟು ಹೋಗ್ಲಿಲ್ಲ, ಅವಾಗ ಅನ್ನಿಸ್ತು ಇದು ಟ್ರಾಫಿಕ್‌ದಲ್ಲ ಅಂತ. ಎರಡು ವಾರಕ್ಕೊಂದು ಸಾಫ್ಟ್‌ವೇರ್ ರಿಲೀಸು, ಪ್ರತಿ ರಿಲೀಸಿಗೂ ಅದೇ ಟೆಸ್ಟ್ ಕೇಸುಗಳು, ಅಂದ್ರೆ ಚೆಕ್ ಮಾಡೋ ಅದೇ ಪಟ್ಟಿ, ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ ತನಕ ಅಮೆರಿಕದೋರ ಜೊತೆ ಕಾಲ್. ಭಾನುವಾರ ಸಾಯಂಕಾಲ ಆದ್ರೆ ಹೊಟ್ಟೆ ಒಳಗೆ ಏನೋ ಹಿಡ್ಕೊಂಡಂಗೆ ಆಗುತ್ತೆ, ಊಟ ಸೇರಲ್ಲ.

ಇನ್ನೊಂದು ವಿಷಯ ಹೇಳ್ಬೇಕು. ನಮ್ಮ ಬೀದಿ ಇಸ್ತ್ರಿ ಅಂಗಡಿಯವರ ಮಗ ಎಸ್ಸೆಸ್ಸೆಲ್ಸಿ, ಭಾನುವಾರ ಬೆಳಿಗ್ಗೆ ಅವನಿಗೆ ಮ್ಯಾಥ್ಸ್ ಹೇಳ್ಕೊಡ್ತೀನಿ. ಸೈನ್ 30 ಅಂದ್ರೆ ಅರ್ಧ ಅಂತ ಬಾಯಿಪಾಠ ಮಾಡಿದ್ದ, ಯಾಕೆ ಅರ್ಧ ಅಂತ ಕೇಳಿದ್ರೆ ಬುಕ್ಕಲ್ಲಿದೆ ಸಾರ್ ಅಂದ. ಅಂಗಡಿ ಪಕ್ಕ ಎಂಟಡಿ ಏಣಿ ಇತ್ತು, ಅದನ್ನ ಗೋಡೆಗೆ ಒರಗಿಸಿ, ಮೊಬೈಲಲ್ಲಿ ಕೋನ ನೋಡ್ಕೊಂಡು ಸರಿಯಾಗಿ 30 ಡಿಗ್ರಿಗೆ ನಿಲ್ಲಿಸಿ ಏಣಿ ತುದಿ ನೆಲದಿಂದ ಎಷ್ಟು ಎತ್ತರ ಇದೆ ಅಳೆಯೋ ಅಂದೆ. ನಾಲ್ಕಡಿ ಬಂತು. ಪಕ್ಕದ್ಮನೆಯಿಂದ ಆರಡಿ ಏಣಿ ತಂದ, ಮೂರಡಿ ಬಂತು. ಹುಡುಗ ಟೇಪ್ ಹಿಡ್ಕೊಂಡು ಹಂಗೇ ನಿಂತುಬಿಟ್ಟ. ಆಮೇಲೆ ಅವನೇ 45ಕ್ಕೆ ಇಟ್ಟು ನೋಡಣ ಸಾರ್ ಅಂದ. ಆವತ್ತು ಮನೆಗೆ ಬಂದ್ಮೇಲೂ ನನಗೆ ಅದೇ ಗುಂಗು. ಟೀಚರ್ ಆಗ್ಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಆದ್ರೆ ಹೋಮ್ ಲೋನ್ ಇಎಂಐ 41 ಸಾವಿರ ಇದೆ. ಹೆಂಡತಿಗೂ ಕೆಲಸ ಇದೆ. ಅಪ್ಪನಿಗೆ ಶುಗರ್ ಬಿಪಿ ಎರಡೂ ಇದೆ, ಅವರು ನನ್ನ ಕಂಪನಿ ಇನ್ಶೂರೆನ್ಸಲ್ಲೇ ಇರೋದು. ಮುಂದಿನ ವಾರ ಪೇಪರ್ ಹಾಕಿ ಕೆಲಸ ಬಿಟ್ಟುಬಿಡೋಣ ಅಂತಿದೀನಿ. ತಪ್ಪಾ ಸರಿನಾ ಹೇಳಿ.

ಪೀಣ್ಯ_ಟೂಲ್‌ರೂಮ್:

ಇಷ್ಟನಾ ಅಂತ ಕೇಳಿದ್ರಲ್ಲ, ನನಗೆ ಇಷ್ಟ. ಪೀಣ್ಯದಲ್ಲಿ ಟೂಲ್ ರೂಮಲ್ಲಿ, ಅಂದ್ರೆ ಡೈ, ಅಚ್ಚುಗಳನ್ನ ಮಾಡೋ ಕಡೆ, 22 ವರ್ಷ ಆಯ್ತು. ಡೈ ಗ್ರೈಂಡಿಂಗ್ ಮಾಡುವಾಗ ಡ್ರಾಯಿಂಗಲ್ಲಿ ಹತ್ತು ಮೈಕ್ರಾನ್ ಒಳಗೆ ಬರ್ಬೇಕು ಅಂತ ಇದ್ರೆ, ತಲೆಕೂದಲಿಗಿಂತ ಎಷ್ಟೋ ತೆಳು ಅದು, ಕಣ್ಣಿಗೆ ಕಾಣಲ್ಲ, ಡಯಲ್ ಮುಳ್ಳು ಅಲ್ಲಾಡದೆ ನಿಂತಾಗ ಕೈಗೇ ಗೊತ್ತಾಗುತ್ತೆ. ಸಂಬಳ ನಿಮ್ಮಷ್ಟಿಲ್ಲ. ಬೇಸಿಗೆಯಲ್ಲಿ ಶೀಟ್ ಕೆಳಗೆ ಬೆಂದು ಹೋಗ್ತೀವಿ. ಆದ್ರೂ ಸಂಜೆ ಮಾಡಿದ ವಸ್ತು ಟೇಬಲ್ ಮೇಲೆ ಇರುತ್ತೆ, ಇದು ನಾನು ಮಾಡಿದ್ದು ಅಂತ ತೋರಿಸ್ಬೋದು. ನಿಮ್ಮ ಏಣಿ ಕತೆ ಓದಿದಾಗ ಅದೇ ಖುಷಿ ಅನ್ನಿಸ್ತು ನನಗೆ.

ಬೆಳಗಿನ_ಹಿಟ್ಟು:

ಸರ್, ದಯವಿಟ್ಟು ಮುಂದಿನ ವಾರ ಹಾಕ್ಬೇಡಿ. ನಾನು ಹಾಕಿದ್ದೆ.

ಒಂಬತ್ತು ವರ್ಷ ಸಪೋರ್ಟ್ ಪ್ರಾಜೆಕ್ಟಲ್ಲಿದ್ದೆ, ಮ್ಯಾನೇಜರ್ ಜೊತೆ ಒಂದಿನ ಮಾತಿಗೆ ಮಾತು ಬೆಳೀತು, ಆವತ್ತು ರಾತ್ರಿನೇ ರಿಸೈನ್ ಮೇಲ್ ಕಳಿಸ್ದೆ. ಅಡುಗೆ ಅಂದ್ರೆ ಪ್ರಾಣ ನನಗೆ, ಮನೆಗೆ ಬಂದೋರೆಲ್ಲ ನೀನು ಹೋಟೆಲ್ ಇಡೋ ಅಂತಿದ್ರು, ಅದನ್ನೇ ನಂಬ್ಕೊಂಡು ಬಸವೇಶ್ವರನಗರದಲ್ಲಿ ಸಣ್ಣ ದರ್ಶಿನಿ ತೆಗೆದೆ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು, ಟ್ರೇಡ್ ಲೈಸೆನ್ಸು, ಫುಡ್ ಲೈಸೆನ್ಸು, ಗ್ರೈಂಡರು, ಸ್ಟೀಮರು, ತೆಗೆಯೋ ಮುಂಚೆನೇ ಕೈ ಅರ್ಧ ಖಾಲಿ. ಬೆಳಿಗ್ಗೆ ಮೂರೂವರೆಗೆ ಏಳ್ಬೇಕು. ಡಿಸೆಂಬರ್ ಚಳಿಗೆ ಹಿಟ್ಟು ಹುಳಿ ಬರ್ತಿರ್ಲಿಲ್ಲ, ಇಡ್ಲಿ ಕಲ್ಲು ಕಲ್ಲಾಗಿ ಬರೋದು, ಡಬ್ಬಕ್ಕೆ ಕಂಬಳಿ ಸುತ್ತಿ ಸ್ಟೌ ಪಕ್ಕ ಇಟ್ಕೊಂಡು ರಾತ್ರಿ ಎರಡು ಸಲ ಎದ್ದು ನೋಡ್ತಿದ್ದೆ. ಆ ಕಷ್ಟಕ್ಕೆ ನಾನು ಹೆದರ್ಲಿಲ್ಲ, ನಿಜ ಹೇಳ್ಬೇಕು ಅಂದ್ರೆ ಅದು ಇಷ್ಟಾನೇ ಆಗ್ತಿತ್ತು. ಆದ್ರೆ ಸಪ್ಲೈಯರ್ ಹುಡುಗ ಹೇಳ್ದೆ ಕೇಳ್ದೆ ಊರಿಗೆ ಹೋಗೋದು, ಗ್ಯಾಸ್ ರೇಟು, ಉದ್ರಿ ಲೆಕ್ಕ, ಓನರ್ ಜೊತೆ ನೀರಿನ ಜಗಳ, ದಿನದಲ್ಲಿ ಹತ್ತು ಗಂಟೆ ಇದೇ. ಒಲೆ ಮುಂದೆ ನಿಲ್ತಿದ್ದಿದ್ದು ಎರಡು ಗಂಟೆ. 14 ತಿಂಗಳಿಗೆ ಮುಚ್ಚಿದೆ. ಹೆಂಡತಿ ಒಡವೆ ಅಡ ಇಟ್ಟಿದ್ದೆ, ಬಿಡಿಸೋಕೆ ಎರಡು ವರ್ಷ ಆಯ್ತು. ಮುಂಚಿಗಿಂತ ಕಮ್ಮಿ ಸಂಬಳಕ್ಕೆ ವಾಪಸ್ ಸೇರ್ಕೊಂಡೆ.

ಅಂಗಡಿ ತೆಗೆದಿದ್ದಕ್ಕೆ ಬೇಜಾರಿಲ್ಲ. ಯಾರದಾದ್ರೂ ಹೋಟೆಲಲ್ಲಿ ಒಂದು ತಿಂಗಳು ಬೆಳಗಿನ ಜಾವ ಹೋಗಿ ನಿಂತ್ಕೊಂಡಿದ್ರೆ ಇದೆಲ್ಲಾ ಗೊತ್ತಾಗ್ತಿತ್ತು, ಅದನ್ನ ಮಾಡ್ಲಿಲ್ಲ ಅನ್ನೋದೇ ಕೊರಗು.

ಪೇರೋಲ್_ಮನುಷ್ಯಳು:

ಹದಿನೈದು ವರ್ಷದಿಂದ ಪೇರೋಲ್ ಕೆಲಸ, ಅಂದ್ರೆ ಕಂಪನಿಯ ಸಂಬಳದ ಲೆಕ್ಕ ಮಾಡ್ತಿದೀನಿ, ದುಡ್ಡಿನ ವಿಷಯ ಮಾತ್ರ ಹೇಳ್ತೀನಿ, ಮಿಕ್ಕಿದ್ದು ನಿಮ್ಮಿಷ್ಟ.

4 ವರ್ಷ 7 ತಿಂಗಳು ಅಂದ್ರಲ್ಲ, ಅದನ್ನ ಓದಿ ಎದೆ ಧಸಕ್ ಅಂತು. ಗ್ರಾಚ್ಯುಟಿ ಅಂದ್ರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಪರ್ಮನೆಂಟ್ ಕೆಲಸದೋರಿಗೆ ಅದು ಸಿಗೋಕೆ ಒಂದೇ ಕಂಪನಿಯಲ್ಲಿ 5 ವರ್ಷ ಆಗ್ಬೇಕು. ಲೆಕ್ಕ ಹೇಗೆ ಅಂದ್ರೆ, ಕೊನೇ ತಿಂಗಳು ಗ್ರಾಚ್ಯುಟಿ ಲೆಕ್ಕಕ್ಕೆ ಬರೋ ಸಂಬಳವನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿ, ಬಂದಿದ್ದನ್ನ ಸರ್ವಿಸ್ ವರ್ಷದಿಂದ ಗುಣಿಸೋದು. ಆ ಸಂಬಳ 60,000 ಅಂತಿಟ್ಕೊಂಡ್ರೆ 5 ವರ್ಷಕ್ಕೆ ಸುಮಾರು 1,73,000. ಈಗ ಪೇಪರ್ ಹಾಕಿದ್ರೆ 90 ದಿನ ನೋಟಿಸ್ ಮುಗಿಯೋ ಹೊತ್ತಿಗೆ 4 ವರ್ಷ 10 ತಿಂಗಳು ಆಗುತ್ತೆ. 4 ವರ್ಷ 240 ದಿನ ಆಗಿದ್ರೂ ಸಾಕು ಅಂತ ಹೈಕೋರ್ಟ್ ತೀರ್ಪುಗಳಿವೆ, ಆದ್ರೆ ಎಷ್ಟೋ ಕಂಪನಿಯೋರು ಸುಮ್ನೆ ಕೊಡಲ್ಲ, ಅದರ ಹಿಂದೆ ಓಡಾಡೋರು ಯಾರು. ನೋಟಿಸ್ ಪೀರಿಯಡ್ ಸರ್ವಿಸ್‌ಗೆ ಸೇರುತ್ತೆ, ಹಾಗಾಗಿ ಎರಡು ತಿಂಗಳು ಚಿಲ್ಲರೆ ತಡ್ಕೊಂಡು ಹಾಕಿ, ಕೊನೇ ದಿನ 5 ವರ್ಷ ದಾಟಿರ್ಲಿ. ಆ ಗ್ರಾಚ್ಯುಟಿ ದುಡ್ಡು ನಿಮ್ಮ ನಾಲ್ಕು ತಿಂಗಳ ಇಎಂಐ.

ಪಿಎಫ್ ತೆಗೀಬೇಡಿ. ಮೂರು ಕಂಪನಿ ಅಂದ್ರಿ, ಮೂರರದ್ದೂ ಒಂದೇ ಯುಎಎನ್ (ಪಿಎಫ್ ನಂಬರ್) ಕೆಳಗೆ ಟ್ರಾನ್ಸ್‌ಫರ್ ಆಗಿದ್ಯಾ ಇವತ್ತೇ ನೋಡಿ. ನೀವು 2013ರಲ್ಲಿ ಸೇರಿದೋರು, ಪಿಎಫ್ ಜೊತೆ ಇರೋ ಪೆನ್ಷನ್ ಸ್ಕೀಮಲ್ಲಿ ಇರ್ತೀರ ಅನ್ಸುತ್ತೆ, ಎಲ್ಲ ಸರ್ವಿಸ್ ಸೇರಿ 10 ವರ್ಷ ಆಗಿದ್ರೆ 58ಕ್ಕೆ ಪೆನ್ಷನ್‌ಗೆ ಅರ್ಹತೆ ಇರುತ್ತೆ, ಹಳೇ ಕಂಪನಿ ಸರ್ವಿಸ್ ಸೇರದೆ ಬಿಟ್ಟೋದ್ರೆ ಆಮೇಲೆ ಓಡಾಟ.

ನಿಮ್ಮ ತಂದೆಯವರ ವಿಷಯ ಎಲ್ಲಕ್ಕಿಂತ ಮುಖ್ಯ. ಕಂಪನಿ ಪಾಲಿಸಿ ಸಾಮಾನ್ಯವಾಗಿ ಕೊನೇ ವರ್ಕಿಂಗ್ ಡೇಗೆ ನಿಂತೋಗುತ್ತೆ. ಹೊಸ ಪಾಲಿಸಿ ತಗೊಂಡ್ರೆ ಇರೋ ಕಾಯಿಲೆಗೆ ವೇಯ್ಟಿಂಗ್ ಪೀರಿಯಡ್ ಇರುತ್ತೆ, ಅಷ್ಟು ದಿನ ಆ ಕಾಯಿಲೆಗೆ ಕ್ಲೇಮ್ ಸಿಗಲ್ಲ, ಅದು ಹೆಚ್ಚಂದ್ರೆ 4 ವರ್ಷ ಇದ್ದಿದ್ದನ್ನ 2024ರಲ್ಲಿ 3 ವರ್ಷಕ್ಕೆ ಇಳಿಸಿದ್ರು, ಆದ್ರೂ 3 ವರ್ಷ ಅಂದ್ರೆ ಕಮ್ಮಿ ಅಲ್ಲ. ಬಿಡೋ ಮುಂಚೆನೇ ಅದೇ ಇನ್ಶೂರೆನ್ಸ್ ಕಂಪನಿಯ ಇಂಡಿವಿಜುವಲ್ ಪಾಲಿಸಿಗೆ ಮೈಗ್ರೇಟ್ ಮಾಡೋಕೆ ಕೇಳಿ, ಬಿಟ್ಟಾದ್ಮೇಲೆ ಅಲ್ಲ. ಇದೊಂದನ್ನ ಮರೆತು ಆಸ್ಪತ್ರೆ ಬಿಲ್ ಹಿಡ್ಕೊಂಡು ಫೋನ್ ಮಾಡಿ ಅತ್ತೋರನ್ನ ನೋಡಿದೀನಿ.

ಡಯಾಲಿಸಿಸ್_ಸಿಸ್ಟರ್:

ತಮ್ಮಾ, ನಾನು ನರ್ಸು, ಎಂಟು ವರ್ಷ ಐಸಿಯುನಲ್ಲಿದ್ದೆ. ತಿಂಗಳಲ್ಲಿ ಹತ್ತು ಹನ್ನೆರಡು ನೈಟು. ಒಂದು ಟೈಮಲ್ಲಿ ಮಾನಿಟರ್ ಬೀಪ್ ಸೌಂಡು ಮನೆಯಲ್ಲಿ ಮಲಗಿದ್ರೂ ಕಿವಿಯಲ್ಲಿ ಕೇಳೋದು, ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳ್ತಿದ್ದೆ. ನರ್ಸಿಂಗೇ ಬೇಡ, ಎಲ್ಲಾದ್ರೂ ಸೀರೆ ಅಂಗಡಿಗೆ ಸೇರ್ಕೊತೀನಿ ಅಂತ ಲೆಟರ್ ಬರ್ದು ಇಟ್ಕೊಂಡಿದ್ದೆ. ನಮ್ಮ ಸೂಪರಿಂಟೆಂಡೆಂಟ್ ಮೇಡಂ ಲೆಟರ್ ಈಸ್ಕೊಂಡು ಪಕ್ಕಕ್ಕಿಟ್ಟು, ಮೂರು ತಿಂಗಳು ಡಯಾಲಿಸಿಸ್ ಯೂನಿಟ್ ಮಾಡು, ಆಮೇಲೂ ಬೇಡ ಅಂದ್ರೆ ನಾನೇ ಸೈನ್ ಮಾಡ್ತೀನಿ ಅಂದ್ರು.

ಅಲ್ಲಿ ಅದೇ ಸೂಜಿ, ಅದೇ ಬಿಪಿ ನೋಡೋದು. ಆದ್ರೆ ಅದೇ ಜನ ವಾರಕ್ಕೆ ಎರಡು ಮೂರು ಸಲ ಬರ್ತಾರೆ, ನಾಲ್ಕು ನಾಲ್ಕು ಗಂಟೆ ಮಲಗಿರ್ತಾರೆ. ಬಂದ ತಕ್ಷಣ ಮೈಯಲ್ಲಿ ಎಷ್ಟು ನೀರು ಸೇರಿದೆ ಅಂತ ತೂಕ ನೋಡ್ತೀವಿ, ಹೋದ ಸಲಕ್ಕಿಂತ ಮೂರು ಕೆಜಿ ಜಾಸ್ತಿ ಇದ್ರೆ ಅಜ್ಜಾ ಮದುವೆ ಊಟಕ್ಕೆ ಹೋಗಿದ್ರಾ ಅಂತ ಕೇಳ್ತೀನಿ, ಅವರು ತಲೆ ತಗ್ಗಿಸ್ತಾರೆ. ಯಾರ ಕೈಗೆ ಎಲ್ಲಿ ಸೂಜಿ ಹಾಕಿದ್ರೆ ನೋವಾಗಲ್ಲ ಅಂತ ಬೆರಳಿಗೆ ಗೊತ್ತು. ಹನ್ನೊಂದು ವರ್ಷ ಆಯ್ತು, ಆ ಲೆಟರ್ ಎಲ್ಲಿ ಹೋಯ್ತೋ ಗೊತ್ತಿಲ್ಲ. ನನಗೆ ಬೇಡವಾಗಿದ್ದು ರಾತ್ರಿ ಪಾಳಿ ಮತ್ತೆ ಆ ಬೀಪು, ನರ್ಸಿಂಗ್ ಅಲ್ಲ.

ಅದಕ್ಕೆ ನಿಮ್ಮನ್ನ ಒಂದು ಕೇಳ್ತೀನಿ. ಆ ರಾತ್ರಿ ಫೋನ್ ಕಾಲ್ ಒಂದು ಇಲ್ಲ ಅಂದ್ರೆ, ಸರಿಯಾಗಿ ನಿದ್ದೆ ಮಾಡಿದ್ರೆ, ಆವಾಗ್ಲೂ ಕೆಲಸ ಬೇಡ ಅನ್ಸುತ್ತಾ? ಯಾವತ್ತಾದ್ರೂ ಹಂಗೆ ಆಗಿತ್ತಾ?

ವಿಜಯನಗರ_ಟೆಸ್ಟರ್:

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಯೋಚನೆ ಮಾಡ್ದೆ. ಆಗಿತ್ತು. ಹೋದ ವರ್ಷ ಮೂರು ವಾರ ಕಾಲ್ ಎಲ್ಲ ಬೇರೆಯೋರು ನೋಡ್ಕೊಂಡ್ರು, ಹತ್ತು ಗಂಟೆಗೆಲ್ಲ ಮಲಗ್ತಿದ್ದೆ. ತಲೆನೋವು ಹೋಯ್ತು, ಮಗಳ ಮೇಲೆ ರೇಗೋದು ನಿಂತೋಯ್ತು. ಆದ್ರೆ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಏನೂ ಅನ್ನಿಸ್ತಿರ್ಲಿಲ್ಲ, ಬೇಜಾರೂ ಇಲ್ಲ ಖುಷಿನೂ ಇಲ್ಲ. ಅದೇ ಟೈಮಲ್ಲಿ ಇಬ್ಬರು ಫ್ರೆಷರ್ಸ್‌ಗೆ ಟ್ರೇನಿಂಗ್ ಕೊಟ್ಟಿದ್ದೆ, ಆ ನಾಲ್ಕು ದಿನ ಮಾತ್ರ ಮೆಟ್ರೋದಲ್ಲಿ ನಾಳೆ ಹೇಗೆ ಹೇಳ್ಕೊಡ್ಲಿ ಅಂತ ಯೋಚನೆ ಮಾಡ್ತಾ ಸ್ಟೇಷನ್ ದಾಟಿ ಅತ್ತಿಗುಪ್ಪೆವರೆಗೂ ಹೋಗಿಬಿಟ್ಟಿದ್ದೆ.

ಪೇರೋಲ್ ಮೇಡಂ, ತುಂಬಾ ಥ್ಯಾಂಕ್ಸ್. ಮೊದಲನೇ ಕಂಪನಿ ಪಿಎಫ್ ಟ್ರಾನ್ಸ್‌ಫರ್ ಆಗೇ ಇಲ್ಲ, ರಿಕ್ವೆಸ್ಟ್ ಹಾಕ್ದೆ. ಇನ್ಶೂರೆನ್ಸಿಗೂ ಮೇಲ್ ಮಾಡಿದೀನಿ. ಪೇಪರ್ ಸದ್ಯಕ್ಕೆ ಹಾಕಲ್ಲ.

ಸೀಮೆಸುಣ್ಣ:

ಐಟಿ ಬಿಟ್ಟು ಟೀಚರ್ ಆದವಳು ನಾನು, ಅದಕ್ಕೇ ಬರೀತಿದೀನಿ. 36ಕ್ಕೆ ಬಿಟ್ಟೆ. ಬಿಇ ಆದೋರಿಗೆ ಬಿ.ಎಡ್ ಸೇರೋಕೆ 55 ಪರ್ಸೆಂಟ್ ಇರ್ಬೇಕು, ಕೋರ್ಸು ಎರಡು ವರ್ಷ, ಕ್ಲಾಸಿಗೆ ಹೋಗ್ಲೇಬೇಕು, ಆ ಎರಡು ವರ್ಷ ಸಂಬಳ ಇಲ್ಲ ಅಂತ ಲೆಕ್ಕ ಹಾಕ್ಕೊಳ್ಳಿ. ಎಂಟನೇ ಕ್ಲಾಸ್ ತನಕ ಪಾಠ ಮಾಡೋಕೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ ಕೂಡ ಬರೀಬೇಕು, 150 ಮಾರ್ಕ್ಸಿಗೆ 90 ಬರ್ಬೇಕು ಜನರಲ್‌ಗೆ, ಒಂದ್ಸಲ ಪಾಸಾದ್ರೆ ಜೀವನಪೂರ್ತಿ ನಡೆಯುತ್ತೆ. ನನ್ನ ಮೊದಲ ಸಂಬಳ 24 ಸಾವಿರ. ಕೈಗೆ ಬಂದಾಗ ಬಾತ್‌ರೂಮಿಗೆ ಹೋಗಿ ಅತ್ತಿದ್ದೆ, ಅದನ್ನ ಮುಚ್ಚಿಡಲ್ಲ.

ಈಗ ಕ್ಲಾಸ್ ಹೇಗಿರುತ್ತೆ ಕೇಳಿ. ಏಳನೇ ಕ್ಲಾಸು, 38 ಮಕ್ಕಳು, ಋಣಸಂಖ್ಯೆ. ಮೈನಸ್ 3ರಿಂದ ಮೈನಸ್ 5 ಕಳೆದ್ರೆ ಎಷ್ಟು ಅಂದ್ರೆ ಮೈನಸ್ 8 ಅಂತ ಇಡೀ ಕ್ಲಾಸ್ ಕೂಗುತ್ತೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸಂಖ್ಯೆ ಬರ್ದು ಒಬ್ಬಳು ಹುಡುಗಿನ ಮೈನಸ್ 3ರ ಮೇಲೆ ನಿಲ್ಲಿಸ್ದೆ. ಮೈನಸ್ ಸಂಖ್ಯೆ ಅಂದ್ರೆ ಎಡಕ್ಕೆ ಮುಖ ಮಾಡು, ಕಳೆಯೋದು ಅಂದ್ರೆ ಹಿಂದಕ್ಕೆ ನಡಿ, ಐದು ಹೆಜ್ಜೆ. ಅವಳು ಹಿಂದೆ ಹಿಂದೆ ಹೆಜ್ಜೆ ಇಟ್ಕೊಂಡು ಬಂದು ಕೆಳಗೆ ನೋಡಿ, ಮಿಸ್ ನಾನು ಸೊನ್ನೆ ದಾಟಿ 2ಕ್ಕೆ ಬಂದುಬಿಟ್ಟೆ ಅಂದ್ಲು. ನಿಮ್ಮ ಏಣಿ ಹುಡುಗನ ಮುಖ ಹೇಗಿತ್ತು ಅಂತ ನನಗೆ ಚೆನ್ನಾಗಿ ಗೊತ್ತು.

ಆದ್ರೆ ಅದೇ ಹೊತ್ತಲ್ಲಿ ಹಿಂದಿನ ಬೆಂಚಲ್ಲಿ ಒಂಬತ್ತು ಹುಡುಗರು ಕಿಟಕಿ ಆಚೆ ನೋಡ್ತಿದ್ರು. ಭಾನುವಾರ ನಿಮ್ಮ ಹತ್ರ ಒಬ್ಬನೇ ಬರ್ತಾನೆ, ಅವನಾಗೇ ಬರ್ತಾನೆ. ಇಲ್ಲಿ ಬೇಡ ಅನ್ನೋರೂ ಬರ್ತಾರೆ, ಅವರೂ ನಮ್ಮ ಮಕ್ಕಳೇ. ಮೂರು ಸೆಕ್ಷನ್ ಸೇರಿ 114 ನೋಟ್‌ಬುಕ್ಕು, ತಿದ್ದಿ ಮುಗಿಸೋ ಹೊತ್ತಿಗೆ ರಾತ್ರಿ ಹನ್ನೊಂದು. ಮೊದಲನೇ ವರ್ಷ ಎರಡು ಸಲ ಗಂಟಲು ಪೂರ್ತಿ ಹೋಗಿತ್ತು, ಬೋರ್ಡ್ ಮೇಲೆ ಬರ್ದು ಬರ್ದು ಪಾಠ ಮಾಡ್ದೆ. ವಾಪಸ್ ಐಟಿಗೆ ಹೋಗ್ತೀರಾ ಅಂದ್ರೆ ಇಲ್ಲ. ಆದ್ರೆ ಏಣಿ ನೋಡ್ಕೊಂಡು ಬರ್ಬೇಡಿ, ನೋಟ್‌ಬುಕ್ ನೋಡ್ಕೊಂಡು ಬನ್ನಿ.

ವಿಜಯನಗರ_ಟೆಸ್ಟರ್:

ಮೇಡಂ, ಕೇಳೋಕೆ ಸಂಕೋಚ, ನಿಮ್ಮ ಸ್ಕೂಲಲ್ಲಿ ಒಂದು ದಿನ ಹಿಂದೆ ಕೂತ್ಕೊಂಡು ನೋಡ್ಬೋದಾ? ಬೆಳಿಗ್ಗೆ ಪ್ರೇಯರಿಂದ ಸಂಜೆ ತನಕ.

ಸೀಮೆಸುಣ್ಣ:

ನಮ್ಮ ಮುಖ್ಯೋಪಾಧ್ಯಾಯರ ಹತ್ರ ಕೇಳ್ದೆ, ಒಪ್ಪಿದ್ರು. ಮುಂದಿನ ಗುರುವಾರ ಎಂಟೂವರೆಗೆ ಬನ್ನಿ. ಮೂರನೇ ಪೀರಿಯಡ್ ಏಳನೇ ಕ್ಲಾಸು, ಹಿಂದಿನ ಬೆಂಚಲ್ಲಿ ಆ ಒಂಬತ್ತು ಜನದ ಪಕ್ಕ ಕೂತ್ಕೊಳ್ಳಿ. ಮಧ್ಯಾಹ್ನ ಹೊರಟುಬಿಡ್ಬೇಡಿ, ಸ್ಟಾಫ್ ರೂಮಲ್ಲಿ ಒಂದು ಸೆಕ್ಷನ್ ನೋಟ್‌ಬುಕ್ಕು ನಿಮಗೂ ಕೊಡ್ತೀನಿ. ಜಾಗ ಮೆಸೇಜ್ ಮಾಡಿದೀನಿ.

ವಿಜಯನಗರ_ಟೆಸ್ಟರ್:

ಮೆಸೇಜ್ ಬಂತು ಮೇಡಂ. ಗುರುವಾರಕ್ಕೆ ಲೀವ್ ಹಾಕಿ ಆಯ್ತು, ಬುಧವಾರ ರಾತ್ರಿ ಕಾಲ್‌ಗೂ ಬರಲ್ಲ ಅಂತ ಹೇಳಿದೀನಿ. ಬರ್ತೀನಿ.