ನಕಲು ಕೀ, ನಕಲಿ ಕೀ: ಯಾವುದು ಸರಿ?

ಹಳೇ ಕಾಲದ ಕಾರು ಇಟ್ಟುಕೊಂಡವರಿಗೆ ಅಂತ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಇರುವುದು ಒಂದೇ ಕೀ ಆದರೆ ಮೊದಲು ನಕಲಿ ಕೀ ಮಾಡಿಸಿ’ ಅಂತ ಬರೆದಿದ್ದೆ. ಮರುದಿನ ಓದಿದರೆ ಕಳ್ಳನಿಗೆ ಸಲಹೆ ಕೊಟ್ಟ ಹಾಗಿತ್ತು!

ನಕಲು ಬೇರೆ, ನಕಲಿ ಬೇರೆ ಅಲ್ವಾ? ದಾಖಲೆಯ ನಕಲು ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಕಲಿ ದಾಖಲೆ ಅಂದರೆ ಕೇಸು. ಆದರೆ ಕೀ ವಿಷಯಕ್ಕೆ ಬಂದಾಗ ಮಾತ್ರ ಜನ ಸಲೀಸಾಗಿ ‘ನಕಲಿ ಕೀ’ ಅಂದುಬಿಡುತ್ತಾರೆ. ಮನೆಯವರು ಮಾಡಿಸಿಟ್ಟಿದ್ದೂ ಅದೇ, ಕಳ್ಳ ಮಾಡಿಸಿದ್ದೂ ಅದೇ. ‘ಡೂಪ್ಲಿಕೇಟ್’ಗೂ ಇದೇ ಗತಿ. ಡೂಪ್ಲಿಕೇಟ್ ಕೀ ಅಂದರೆ ತಪ್ಪಿಲ್ಲ, ಡೂಪ್ಲಿಕೇಟ್ ಮಾಲು ಅಂದರೆ ಮೋಸ.

ಸರಿ, ‘ನಕಲು ಕೀ’ ಅಂತ ತಿದ್ದಿದೆ. ಅಲ್ಲಿಗೂ ಮುಗಿಯಲಿಲ್ಲ. ಹಳೇ ಗಾಡಿಯಲ್ಲಿ ಇನ್ನೊಂದು ಕೀ ಅಂದರೆ ಯಾವಾಗಲೂ ನಕಲೇ ಆಗಿರುವುದಿಲ್ಲ. ನಲವತ್ತು ಐವತ್ತು ವರ್ಷ ತಿರುಗಿಸಿದ ಕೀಯ ಹಲ್ಲು ಸವೆದಿರುತ್ತದೆ. ಅದನ್ನೇ ಮಿಷನ್ನಿಗೆ ಕೊಟ್ಟು ಇನ್ನೊಂದು ಕಡಿಸಿದರೆ ಸವೆತವೂ ನಕಲಾಗುತ್ತದೆ. ಹೊಳೆಯುವ ಹೊಸ ಕೀ, ಆದರೆ ಬೀಗ ಹಟ ಮಾಡುತ್ತದೆ. ನನ್ನದೂ ಹಾಗೇ ಆಯಿತು. ಹಳೆಯದನ್ನು ಸ್ವಲ್ಪ ಅಲುಗಾಡಿಸಿದರೆ ತಿರುಗುತ್ತಿತ್ತು, ಹೊಸದು ಅದಕ್ಕೂ ಬಗ್ಗಲಿಲ್ಲ.

ಇನ್ನೊಂದು ದಾರಿ ನಂಬರಿನದು. ಕೀಯ ಮೇಲೋ ಬೀಗದ ಮೇಲೋ ಕೆತ್ತಿರುತ್ತದೆ. ಹಳೇ ಬ್ರಿಟಿಷ್ ಕಾರುಗಳಲ್ಲಿ ‘ಎಫ್‌ಎಸ್’ ಅಂತ ಎರಡಕ್ಷರ, ಮುಂದೆ ಮೂರು ಅಂಕಿ ಕಾಣುವುದು ಜಾಸ್ತಿ. ಆ ನಂಬರು ನೋಡಿ ಕಡಿದ ಕೀ, ಕಾರ್ಖಾನೆಯಿಂದ ಬಂದ ದಿನದ ಅಳತೆಗೆ ಇರುತ್ತದೆ. ಅಂದರೆ ನನ್ನ ಕೈಯಲ್ಲಿರುವ ಹಳೇ ಕೀಗಿಂತ ಇದೇ ಹೆಚ್ಚು ಅಸಲಿ. ಇದನ್ನು ‘ನಕಲು’ ಅನ್ನೋದು ಹೇಗೆ? ಕೀಯೇ ಕಳೆದುಹೋಗಿ, ಬೀಗ ಬಿಚ್ಚಿ ಅದಕ್ಕೆ ಹೊಂದುವಂತೆ ಅರ ಹಾಕಿ ಉಜ್ಜಿ ಮಾಡಿದ್ದಂತೂ ಯಾವುದರ ನಕಲೂ ಅಲ್ಲ.

ಹಾಗಾಗಿ ಎರಡು ಪದ ಬೇಕು ಅನ್ನಿಸುತ್ತಿದೆ. ಹೇಗೆ ಮಾಡಿದ್ದು ಅಂತ ಹೇಳಲು ಒಂದು, ಯಾಕೆ ಇಟ್ಟುಕೊಂಡದ್ದು ಅಂತ ಹೇಳಲು ಇನ್ನೊಂದು. ಮೊದಲನೆಯದಕ್ಕೆ ‘ನಕಲು ಕೀ’ ಸಾಕು. ಎರಡನೆಯದಕ್ಕೆ ‘ಜೋಡಿ ಕೀ’ ಅನ್ನೋಣ ಅಂದರೆ, ಎಷ್ಟೋ ಹಳೇ ಕಾರುಗಳಲ್ಲಿ ಬಾಗಿಲಿಗೊಂದು, ಇಗ್ನಿಷನ್‌ಗೊಂದು (ಎಂಜಿನ್ನಿಗೆ ಕಿಡಿ ಕೊಡುವ ವಿದ್ಯುತ್ತಿನ ಸ್ವಿಚ್ಚಿಗೆ) ಬೇರೆ ಬೇರೆ ಕೀ. ಓದುವವರು ಅದೇ ಜೋಡಿ ಅಂದುಕೊಳ್ಳುತ್ತಾರೆ. (‘ಸ್ಟಾರ್ಟ್ ಮಾಡುವ ಕೀ’ ಅಂತಲೂ ಬರೆಯೋ ಹಾಗಿಲ್ಲ. ಕೀ ತಿರುಗಿಸಿದರೆ ಎಂಜಿನ್ನೇ ಶುರುವಾಗುವ ಏರ್ಪಾಡನ್ನು ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ತಂದದ್ದು 1949ರಲ್ಲಿ. ಅದಕ್ಕೂ ಹಳೆಯ ಗಾಡಿಗಳಲ್ಲಿ ಕೀ ಇಗ್ನಿಷನ್ ಮಾತ್ರ ಆನ್ ಮಾಡುತ್ತಿತ್ತು. ಸ್ಟಾರ್ಟರಿಗೆ ಬೇರೆ ಗುಂಡಿಯೋ ಪೆಡಲ್ಲೋ ಇರುತ್ತಿತ್ತು.)

‘ಪಡಿಯಚ್ಚು’ ನೋಡಿ ‘ಪಡಿಗೀಲಿ’ ಅಂತ ಒಂದನ್ನು ಕಟ್ಟಿ ನೋಡಿದೆ. ಕಿವಿಗೆ ಹಿತವಾಗಿದೆ. ಆದರೆ ಉತ್ತರ ಕರ್ನಾಟಕದ ಗೆಳೆಯರೊಬ್ಬರು ನಕ್ಕುಬಿಟ್ಟರು. ಅವರಿಗೆ ಕೀಲಿ ಅಂದರೆ ಬೀಗ, ತೆರೆಯುವುದು ಕೀಲಿಕೈ ಇಲ್ಲವೇ ಚಾವಿ. ಪಡಿಗೀಲಿ ಅಂದರೆ ಇನ್ನೊಂದು ಬೀಗ ಆಯಿತಲ್ಲ! ಚಾವಿಯೋ ಪೋರ್ಚುಗೀಸರ ‘ಶಾವೆ’ಯಿಂದ ಬಂದದ್ದು. ನಮ್ಮದೇ ಪದದಲ್ಲಿ ಬೀಗಕ್ಕೆ ‘ಕೈ’ ಇದೆ. ತೆಲುಗಿನ ‘ತಾಳಂ ಚೆವಿ’ ಕೇಳಿದರೆ ಬೀಗದ ಕಿವಿ ಅಂದ ಹಾಗಿದೆ. ತಮಿಳಿನ ‘ತಿರವುಗೋಲ್’ ತೆರೆಯುವ ಕೋಲು. ‘ಬೀಗದ ಮರುಗೈ’ ಅಂದರೆ ಹೇಗಿರುತ್ತೆ? ಬೇಡ, ಕುಸ್ತಿ ಪಟ್ಟಿನ ಹೆಸರಿನ ಹಾಗಿದೆ.

ಸದ್ಯಕ್ಕೆ ‘ಇನ್ನೊಂದು ಕೀ’ ಅಂತ ಬರೆದು ಸುಮ್ಮನಾಗಿದ್ದೇನೆ. ಇದಕ್ಕಿಂತ ಒಳ್ಳೆಯದು, ಯಾರಾದರೂ ನಿಜಕ್ಕೂ ಆಡುವ ಮಾತು ನಿಮಗೆ ಗೊತ್ತಿದ್ದರೆ ತಿಳಿಸಿ. ಹಾಗೇ ಇನ್ನೊಂದು ಪ್ರಶ್ನೆ: ಹಲ್ಲು ಕಡಿಯದ ಕೀಯನ್ನು ನಾನು ‘ಬೋಳು ಕೀ’ ಅಂತ ಬರೆದಿದ್ದೇನೆ. ಕೀ ಮಾಡುವವರ ಬಾಯಲ್ಲಿ ಅದಕ್ಕೆ ‘ಬ್ಲಾಂಕ್’ ಬಿಟ್ಟು ಬೇರೆ ಹೆಸರು ಕೇಳಿದ್ದೀರಾ?