ಪದಚರ್ಚೆ: ಕೊಯ್ದುಕೊಂಡ ಹೆಬ್ಬೆರಳಿಗೆ 'ಹುಣ್ಣು' ಸಲ್ಲುತ್ತದೆಯೇ? (ತುರ್ತು)

ಕಾರವಾರದಿಂದ:

ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ 1962ರ ಅಕ್ಟೋಬರಿನಲ್ಲಿ ಬರೆದ 'ಕಟ್' ಕವಿತೆಯ ಕನ್ನಡ ಅನುವಾದ ಗುರುವಾರ ಅಚ್ಚಿಗೆ ಹೋಗಬೇಕು. ಒಂದೇ ಹಾಳೆ, ಅಡಿಟಿಪ್ಪಣಿಗೆ ಜಾಗವಿಲ್ಲ. ಈರುಳ್ಳಿಗೆ ಬೀಳಬೇಕಾದ ಚಾಕು ಹೆಬ್ಬೆರಳಿಗೆ ಬೀಳುತ್ತದೆ. ಆ ಕ್ಷಣಕ್ಕೆ ಅವಳು ಕೊಡುವ ಮೊದಲ ಹೆಸರು ನೋವು ಅಲ್ಲ, 'ಥ್ರಿಲ್'. ಕರಡಿನಲ್ಲಿ 'ರೋಮಾಂಚನ' ಎಂದಿದೆ, ಸಿನಿಮಾ ಪೋಸ್ಟರಿನ ವಾಸನೆ ಹೊಡೆಯುತ್ತದೆ. ಬೆರಳ ತುದಿ ಪೂರ್ತಿ ಹೋಗಿಲ್ಲ, ಚರ್ಮದ 'ಹಿಂಜ್' ಒಂದು ಹಿಡಿದುಕೊಂಡಿದೆ. 'ಕೀಲು' ಎಂದರೆ ಓದುಗರಿಗೆ ಕೀಲುನೋವು ನೆನಪಾಗುತ್ತದೆ. ಬಾಗಿಲಿನ ಹಿಂಜಿಗೆ ನಮ್ಮ ಬಡಗಿಗಳು ಹೇಳುವ 'ಬಿಜಾಗರಿ' ಬರೆಯಬಹುದೇ? ಕವಿತೆಯ ಕೊನೆಯ 'ಸ್ಟಂಪ್' ಮೋಟೋ, ಮೊಂಡೋ? ಶೀರ್ಷಿಕೆ ಸದ್ಯಕ್ಕೆ 'ಗಾಯ'. ಸಮಾಧಾನವಿಲ್ಲ.

ಶಿರಸಿಯಿಂದ:

ಬಿಜಾಗರಿ ಮರಾಟಿ. ಗಾಯ ಸಂಸ್ಕ್ರುತದ ಗಾತದಿಂದ ಸವೆದು ಬಂದದ್ದು. ರೋಮಾಂಚನದ ಮಾತೇ ಬೇಡ. ಗಾಯಕ್ಕೆ ನಮ್ಮದೇ ಪದ ಹುಣ್ಣು. ಹಳಗನ್ನಡದಲ್ಲಿ ಪುಣ್, ತಮಿಳಿನಲ್ಲೂ ಪುಣ್. ತ್ರಿಲ್‌ಗೆ ನವಿರೇಳು. ನವಿರ್ ಎಂದರೆ ಕೂದಲು, ಮಯ್ ಮೇಲಿನ ಕೂದಲು ನಿಮಿರುವುದು. ಹಿಂಜ್‌ಗೆ ಕೀಲು. ಮನೆಯಲ್ಲಿ ಅಕ್ಕಿ ಇದ್ದೂ ಕಡ ತರುವ ಚಟ ಯಾಕೆ?

ಕುಮಟಾದಿಂದ:

ಮೊದಲು ಕೀಲು. ಅದು ಸಂಸ್ಕೃತದ 'ಕೀಲ'ದ ತದ್ಭವ, ಗೂಟ ಅಂತ ಅರ್ಥ. ಕಡದ ಅಕ್ಕಿಯನ್ನೇ ಮನೆಯ ಕಣಜಕ್ಕೆ ಸುರಿದುಕೊಂಡು ಮಾತಾಡುತ್ತಿದ್ದೀರಿ.

ಹುಣ್ಣಿನ ಬೇರು ಸರಿ, ಇಂದಿನ ಅರ್ಥ ಸರಿಯಿಲ್ಲ. ಹುಣ್ಣು ಆಗುವುದಕ್ಕೆ ದಿನಗಳು ಬೇಕು: ಬಾಯಿಹುಣ್ಣು, ಕೀವು, ಒಸರುವುದು, ವಾಸನೆ. ಕವಿತೆಯ ಗಾಯಕ್ಕೆ ಹತ್ತು ಸೆಕೆಂಡ್ ವಯಸ್ಸು. ಅದರ ಬೆರಗೆಲ್ಲ ಆ ತಾಜಾತನದಲ್ಲೇ ಇದೆ. ಹಳಗನ್ನಡದಲ್ಲಿ ಅರ್ಥ ಬೇರೆ ಇತ್ತು ಎನ್ನುವುದು ಗುರುವಾರ ಹಾಳೆ ಹಿಡಿದು ಓದುವವನಿಗೆ ಉಪಯೋಗಕ್ಕೆ ಬಾರದು. ನವಿರೇಳುವುದೂ ಹಾಗೇ. ಈಗ ನವಿರು ಎಂದರೆ ನಯ: ನವಿರಾದ ಹಾಸ್ಯ, ನವಿರಾದ ಪ್ರೇಮ. ಚಾಕು ಬಿದ್ದ ಜಾಗದಲ್ಲಿ ರೇಷ್ಮೆ ಹಾಸಿದಂತಾಗುತ್ತದೆ.

'ಜುಂ' ಎನ್ನಿ. 'ಏನು ಜುಂ! ಈರುಳ್ಳಿಯ ಬದಲು ನನ್ನ ಹೆಬ್ಬೆರಳು.' ಅನುಕರಣ ಪದಕ್ಕೆ ಯಾವ ಭಾಷೆಯ ಪಾಸ್‌ಪೋರ್ಟೂ ಬೇಡ. ನರ ಹೇಳುವುದನ್ನಷ್ಟೇ ಅದು ಹೇಳುತ್ತದೆ, ಸುಖವೋ ನೋವೋ ಎಂದು ತೀರ್ಪು ಕೊಡುವುದಿಲ್ಲ. ಕವಿತೆಗೆ ಬೇಕಾದ್ದು ಇದೇ. ಇಲ್ಲಿ 'ಅಯ್ಯೋ' ಅಥವಾ 'ಯಾತನೆ' ಹಾಕಿದರೆ ಮುಂದಿನದೆಲ್ಲ ಕುಸಿಯುತ್ತದೆ. ಕವಿತೆಯ ನಡುವಿನಲ್ಲಿ ಅವಳು ಮಾತ್ರೆ ನುಂಗಿದ್ದೇನೆ ಎನ್ನುತ್ತಾಳೆ, ಕಾಗದದಂತೆ ತೆಳ್ಳಗಾದ ಒಂದು ಭಾವವನ್ನು ಕೊಲ್ಲಲು. ಮೈಯೆಲ್ಲ ಕಾಗದವಾಗಿದ್ದವಳಿಗೆ ಬೆರಳಿನಲ್ಲಿ ರಕ್ತ ಕಂಡಿತು, ಅದಕ್ಕೇ ಸಂಭ್ರಮ. ಆ ಸಂಭ್ರಮವೇ ಓದುಗನನ್ನು ಹೆದರಿಸಬೇಕು. ಅನುವಾದಕ ಮೊದಲ ಸಾಲಿನಲ್ಲೇ ಕಣ್ಣೀರು ಹಾಕಿದರೆ ಹೆದರಲು ಏನೂ ಉಳಿಯುವುದಿಲ್ಲ.

ಹಿಂಜ್‌ಗೆ ಬಿಜಾಗರಿಯೇ ಇರಲಿ. ಅದು ಕದದ ಸಾಮಾನು, ಮೂಲದಲ್ಲೂ ಕದದ ಸಾಮಾನೇ. ಮೈಗೆ ಮರಗೆಲಸದ ಪದ ಹಾಕಿದ್ದರಿಂದಲೇ ಸಾಲು ಅಷ್ಟು ತಣ್ಣಗಿದೆ. ತುದಿಯ ಚರ್ಮ ಟೊಪ್ಪಿಯ ಹಾಗೆ ಬಿದ್ದಿದೆ, ಸತ್ತ ಬಿಳುಪು, ಆಮೇಲೆ ಕೆಂಪು ಮಖಮಲ್ಲು. ಈ ಕ್ರಮ ಕೆಡಿಸಬೇಡಿ. ಚರ್ಮದ ಚಕ್ಕೆ ಎದ್ದಾಗ ಮೊದಲು ಬಿಳಿಯೇ ಕಾಣುವುದು, ಒಂದೆರಡು ಕ್ಷಣ ಬಿಟ್ಟು ಕೆಂಪು ಜಿನುಗುತ್ತದೆ. 'ಬಿದ್ದಿದೆ' ಎನ್ನುವುದಕ್ಕಿಂತ 'ಮಗುಚಿದೆ' ಮೇಲು. ಸಿಯಾಳ ಕೆತ್ತುವಾಗ ಕೊನೆಯ ಏಟು ಪೂರ್ತಿ ಹಾಯದಿದ್ದರೆ ಮೇಲಿನ ಮುಚ್ಚಳ ನಾಲ್ಕು ನಾರಿನ ಮೇಲೆ ಹಿಂದಕ್ಕೆ ಮಗುಚಿಕೊಳ್ಳುತ್ತದಲ್ಲ, ಒಳಮೈ ಬೆಳ್ಳಗೆ? ಆ ಕ್ರಿಯಾಪದವನ್ನಷ್ಟೇ ತೆಗೆದುಕೊಳ್ಳಿ, ಸಿಯಾಳವನ್ನು ತರಬೇಡಿ.

ಇನ್ನೊಂದು: ಕರಡಿನಲ್ಲಿ ಎಲ್ಲಾದರೂ 'ಈಳಿಗೆ' ಹಾಕಿದ್ದರೆ ಕಿತ್ತುಹಾಕಿ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ನಡೆಯುತ್ತದೆ. ತಪ್ಪಿದರೆ ಕೊಯ್ಯುವುದು ಬೆರಳಿನ ಒಳಮಗ್ಗುಲು. ತುದಿ ಟೊಪ್ಪಿಯಂತೆ ಹಾರಬೇಕಾದರೆ ಚಾಕು ಮೇಲಿನಿಂದ ಇಳಿಯಬೇಕು.

ಅಂಕೋಲಾದಿಂದ:

ಮುಂದಿನ ಸಾಲುಗಳ ಪಿಲ್‌ಗ್ರಿಮ್, ರೆಡ್ ಇಂಡಿಯನ್, ನೆತ್ತಿ ಸುಲಿಯುವುದು, ಇವೆಲ್ಲ ನಮ್ಮ ಓದುಗರಿಗೆ ದೂರ. ಹೆಬ್ಬೆರಳು ಎಂದ ಮೇಲೆ ಏಕಲವ್ಯ ಇದ್ದಾನೆ. ಅವನನ್ನು ತಂದರೆ ಸಲೀಸು.

ಕುಮಟಾದಿಂದ:

ತಂದರೆ ಕವಿತೆ ಸತ್ತಿತು. ಏಕಲವ್ಯ ಬೆರಳನ್ನು ಕೊಟ್ಟ. ಇಲ್ಲಿ ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ, ಚಾಕು ಜಾರಿದೆ. ಅಮೆರಿಕದ ವಲಸಿಗರು, ನೆತ್ತಿ ಕಳೆದುಕೊಂಡ ಯಾತ್ರಿಕ, ಬ್ರಿಟಿಷ್ ಸಿಪಾಯಿಗಳ ಕೆಂಪಂಗಿ: ಒಂದು ಅಡುಗೆಮನೆಯ ಬೆರಳೊಳಗೆ ಆ ದೇಶದ ಕೊಲೆಗಳ ಚರಿತ್ರೆಯೇ ಮೆರವಣಿಗೆ ಹೊರಡುತ್ತದೆ. ಸಿಪಾಯಿಗಳು ಯಾರ ಕಡೆಯವರು ಎಂದು ಅವಳೇ ಕೇಳುತ್ತಾಳೆ. ಸ್ವಂತ ರಕ್ತ ತನ್ನ ಪಕ್ಷವೋ ವೈರಿ ಪಕ್ಷವೋ ಗೊತ್ತಿಲ್ಲದ ಪ್ರಶ್ನೆ ಅದು. 'ಕೆಂಪಂಗಿಯವರು' ಸಾಕು, ಟಿಪ್ಪಣಿ ಬೇಡ.

ರಕ್ತ ಹೃದಯದಿಂದ ಹಾಸಿನಂತೆ ಉರುಳಿ ಬರುತ್ತದೆ, ಆ ಹಾಸಿನ ಕೆಂಪು ಟರ್ಕಿ ಕೋಳಿಯದು. ಅಲ್ಲಿ ಇರುವುದು ತಲೆಯ ಮೇಲಿನ ಜುಟ್ಟಲ್ಲ, ಗಂಟಲ ಕೆಳಗಿನ ಜೋಲು. ಕೋಳಿ ಉದ್ರೇಕಗೊಂಡಾಗ ರಕ್ತ ನುಗ್ಗಿ ಕೆಂಪೇರುವುದು ಅದು. ಟರ್ಕಿ ಕೋಳಿ, ಟರ್ಕಿ ಹಾಸು, ಎರಡೂ ಕನ್ನಡದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಅದನ್ನು ಕಳೆದುಕೊಳ್ಳಬೇಡಿ.

ಹೊನ್ನಾವರದಿಂದ:

ಹಾಳೆಯ ತಲೆಬರಹದಲ್ಲಿ ಇಂಗ್ಲಿಷಿನ 'ಕನ್‌ಫೆಷನಲ್ ಪೊಯೆಟ್ರಿ'ಗೆ 'ತಪ್ಪೊಪ್ಪಿಗೆ ಕಾವ್ಯ' ಎಂದು ಹಾಕುವುದಾದರೆ ನನ್ನ ತಕರಾರಿದೆ. ತಪ್ಪೊಪ್ಪಿಗೆ ಪೊಲೀಸ್ ಠಾಣೆಯ ಪದ. 1959ರಲ್ಲಿ ಅಮೆರಿಕದ ವಿಮರ್ಶಕ ರೋಸೆಂಥಾಲ್ ಒಂದು ವಿಮರ್ಶೆಯಲ್ಲಿ ಬಳಸಿದ ಮೇಲೆ ಈ ಇಂಗ್ಲಿಷ್ ಹಣೆಪಟ್ಟಿ ಅಂಟಿಕೊಂಡಿತು. ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಹೇಳಿಕೊಳ್ಳುವುದರ ನೆರಳು ಅದರಲ್ಲಿದೆ. ನಮ್ಮ ಕರಾವಳಿಯ ಕ್ರೈಸ್ತರ ಕೊಂಕಣಿಯಲ್ಲಿ ಅದಕ್ಕೆ ಜೀವಂತ ಪದವೇ ಇದೆ: ಕುಮ್ಸಾರ್. ಪೋರ್ತುಗೀಸಿನಿಂದ ಬಂದು ನಾಲಿಗೆಗೆ ಒಗ್ಗಿದೆ. ತರಬಾರದೇಕೆ?

ಶಿರಸಿಯಿಂದ:

ನೆನ್ನೆ ಮರಾಟಿ, ಇಂದು ಪೋರ್ತುಗೀಸು. ನಾಳೆ ಅರಬ್ಬಿಯೇ? 'ತೋಡಿಕೆ' ಇದೆ. ತೋಡಿಕೊಳ್ಳುವುದು ಅಚ್ಚಗನ್ನಡ.

ಹೊನ್ನಾವರದಿಂದ:

ಅರಬ್ಬಿಯೂ ಬಂದಾಗಿದೆ. ತಾವು ತಕರಾರು ತೆಗೆಯುತ್ತೀರಲ್ಲ, ಆ ತಕರಾರೇ ಅರಬ್ಬಿ.

ಕುಮಟಾದಿಂದ:

'ತೋಡಿಕೆ' ಚೆನ್ನಾಗಿದೆ. ಶಿರಸಿಯವರ ಜೊತೆ ಒಪ್ಪುವುದು ಇದೊಂದೇ. ತಪ್ಪು ಎಂಬ ಮಾತೇ ಈ ಕವಿತೆಯಲ್ಲಿ ಇಲ್ಲ, ಒಳಗಿನದನ್ನು ತೋಡಿ ಹಾಕುವುದು ಇದೆ.

ಕೊನೆಗೆ ಬರುವ ಪಟ್ಟಿಬಟ್ಟೆ ನೋಡಿಕೊಳ್ಳಿ. ಇಂಗ್ಲಿಷಿನ 'gauze' ಅನ್ನು 'ಗಾಜು' ಎಂದು ಲಿಪ್ಯಂತರ ಮಾಡಿದರೆ ಓದುಗ ಬೆರಳಿಗೆ ಬಾಟಲಿಯ ಚೂರು ಕಟ್ಟಿಕೊಳ್ಳುತ್ತಾನೆ. 'ಜಾಳುಬಟ್ಟೆ' ಎನ್ನಿ. ಅದರ ಮೇಲಿನ ಕಲೆ ಕು ಕ್ಲಕ್ಸ್ ಕ್ಲಾನ್ ಎಂಬ ಅಮೆರಿಕದ ಬಿಳಿಯ ಜನಾಂಗವಾದಿ ಗುಂಪಿನವರ ಮುಸುಕಿನ ಬಿಳುಪಿಗೆ ಬಿದ್ದದ್ದು. 'ಕ್ಲಾನ್' ಹಾಗೇ ಇರಲಿ, ತಿಳಿಯದವರು ಕೇಳಿ ತಿಳಿಯಲಿ.

ಅಂತ್ಯದಲ್ಲಿ ಲಿಂಗದ ತೊಡಕು ಬರುತ್ತದೆ. ಬೆರಳನ್ನು ಯಾತ್ರಿಕ, ಆತ್ಮಾಹುತಿ ಸೈನಿಕ, ತಲೆಬುರುಡೆ ಕೊರೆಸಿಕೊಂಡ ಹಳೆಯ ಯೋಧ ಎಂದೆಲ್ಲ ಗಂಡಾಗಿ ಕರೆದು, ಕೊನೆಯ ಎರಡು ಹೆಜ್ಜೆಗೆ 'ಹುಡುಗಿ' ಎನ್ನುತ್ತಾಳೆ. ಅಲ್ಲಿಯವರೆಗೆ ಬೆರಳು ಬೇರೆ ಯಾರೋ ಆಗಿತ್ತು, ಅಲ್ಲಿಗೆ ತಾನೇ ಆಯಿತು. 'ಅವನು ಜಿಗಿಯುತ್ತಾನೆ' ಎಂದು ಬರೆದಿದ್ದರೆ ಆ ತಿರುವಿಗೆ ಕಾಲು ಸಿಕ್ಕಿಬೀಳುತ್ತದೆ. 'ಹೇಗೆ ಜಿಗಿಯುತ್ತೀ' ಎನ್ನಿ. ನಮ್ಮ ಮಧ್ಯಮ ಪುರುಷಕ್ಕೆ ಗಂಡು ಹೆಣ್ಣಿನ ಗೊಡವೆಯಿಲ್ಲ. ಆ ಹುಡುಗಿಗೆ 'ಕಳಂಕಿತೆ' ಬೇಡ. ಕೆಸರು ಮೆತ್ತಿಕೊಂಡು ಬಂದ ಮಗುವನ್ನು ದೊಡ್ಡವರು ಗದರುವ ದನಿ ಅದು: 'ಗಲೀಜು ಹುಡುಗಿ'. ಕೊನೆಯ ಪದ ಮೋಟು. ಮೊಂಡು ಎಂದರೆ ಹರಿತವಿಲ್ಲದ್ದು, ಹಟದ್ದು. ಮೋಟು ಎಂದರೆ ಕಡಿದು ಉಳಿದದ್ದು.

ಶಿರಸಿಯಿಂದ:

ಗಲೀಜು ಯಾವ ಊರಿನದು?

ಕಾರವಾರದಿಂದ:

ಹಾಳೆ ಹೀಗೆ ಹೋಗುತ್ತಿದೆ: ಜುಂ, ಬಿಜಾಗರಿ, ಮಗುಚಿದ ಟೊಪ್ಪಿ, ಜೋಲು, ಜಾಳುಬಟ್ಟೆ. ತಲೆಬರಹಕ್ಕೆ 'ತೋಡಿಕೆಯ ಕಾವ್ಯ'. ಶೀರ್ಷಿಕೆ 'ಕೊಯ್ತ'. ಇಂಗ್ಲಿಷಿನದನ್ನೇ 'ಕಟ್' ಎಂದು ಬಿಟ್ಟರೆ ಅರ್ಧ ಜನ 'ಕಟ್ಟು' ಎಂದು ಓದುತ್ತಾರೆ, ಉಳಿದವರಿಗೆ ಸಿನಿಮಾ ನಿರ್ದೇಶಕ ಕೂಗಿದಂತಾಗುತ್ತದೆ. ಕೊಯ್ತಕ್ಕೆ ಗದ್ದೆಯ ನೆನಪು ಬರುತ್ತದೆ ಎಂಬ ಆಕ್ಷೇಪವಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ. ಕೊನೆಯ ಸಾಲು: 'ಗಲೀಜು ಹುಡುಗಿ, ಹೆಬ್ಬೆರಳ ಮೋಟೇ.'

ಕುಮಟಾದಿಂದ:

'ಮೋಟೇ' ಬೇಡ. ಏಕಾರ ಎಳೆದರೆ ಗೋಳಾಡಿದಂತೆ ಕೇಳುತ್ತದೆ. 'ಮೋಟು' ಎಂದು ಕಡಿದು ನಿಲ್ಲಿಸಿ.