ಪದಚರ್ಚೆ: ‘ಜೈವಿಕ ವಿಘಟನೀಯ’ಕ್ಕೆ ‘ಕಳಿಯುವ’ ಅಂದರೆ ಆಗುತ್ತಾ?

ಎಲ್ಲರಿಗೂ ನಮಸ್ಕಾರ.

ಕೋಲಾರದ ಕಡೆ ಟೊಮೇಟೊ ಬೆಳೆಯುವವರಿಗೆ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಬೆಳೆ ಮುಗಿದ ಮೇಲೆ ಹೊಲದಲ್ಲೇ ಇಲ್ಲವಾಗುವ ಮಲ್ಚಿಂಗ್ ಪೇಪರ್, ಅಂದರೆ ಗಿಡದ ಬುಡದ ಮಣ್ಣಿನ ಮೇಲೆ ಹಾಸುವ ಹಾಳೆಯ ಬಗ್ಗೆ. (ಪ್ಲಾಸ್ಟಿಕ್ ಆದರೂ ನಮ್ಮಲ್ಲಿ ಅದು ಪೇಪರ್ರೇ.) ‘ಬಯೋಡಿಗ್ರೇಡಬಲ್’ ಅನ್ನುವುದಕ್ಕೆ ಏನು ಹಾಕಲಿ ಅಂತ ಮೊದಲ ಸಾಲಲ್ಲೇ ನಿಂತಿದ್ದೇನೆ.

ಪುಸ್ತಕದಲ್ಲಿರುವುದು ‘ಜೈವಿಕ ವಿಘಟನೀಯ’. ವಿಘಟನೆ ಅಂದರೆ ಬಿಡಿಬಿಡಿಯಾಗುವುದು. ‘ಅನೀಯ’ ಸೇರಿದರೆ ‘ಆಗತಕ್ಕ’ ಅಂತ, ಪೂಜನೀಯ, ಶೋಚನೀಯ ಇದ್ದ ಹಾಗೆ. ತಪ್ಪೇನಿಲ್ಲ. ಆದರೆ ಬಿಡಿಯಾದ ಮೇಲೆ ಏನಾಯಿತು ಅಂತ ಆ ಪದ ಹೇಳುವುದಿಲ್ಲ.

ಮುಳಬಾಗಿಲು ಹತ್ತಿರ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಹಳೇ ಬೆಳೆ ಕಿತ್ತು ಉಳುತ್ತಿದ್ದರು. ಕಲ್ಟಿವೇಟರ್ ಹಲ್ಲಿಗೆ ಹೋದ ವರ್ಷದ ಪೇಪರ್ ಚಿಂದಿ ಸುತ್ತಿಕೊಂಡಿತ್ತು, ಒಂದು ಕಡೆ ಬೆಳ್ಳಿ ಬಣ್ಣ, ಇನ್ನೊಂದು ಕಡೆ ಕಪ್ಪು. ದೊಡ್ಡಪ್ಪ ಉಗುರಿನಷ್ಟು ಚೂರನ್ನು ಬೆರಳಲ್ಲಿ ಉಜ್ಜಿದರು. ಅದು ಇನ್ನೂ ಸಣ್ಣ ಚೂರಾಯಿತು. ‘ನೋಡಪ್ಪಾ, ಇದು ಪುಡಿಯಾಗುತ್ತೆ, ಮಣ್ಣಾಗಲ್ಲ’ ಅಂದರು.

ನನಗೆ ಬೇಕಾದ ವ್ಯತ್ಯಾಸ ಇದೇ. ‘ಪುಡಿಯಾಗುವ’ ಅಂತ ಖಂಡಿತ ಬರೆಯಬಾರದು. ಆಕ್ಸೋ ಪ್ಲಾಸ್ಟಿಕ್ ಅಂತ ಒಂದಿದೆ. ಬಿಸಿಲಿಗೆ ಬೇಗ ಪುಡಿಯಾಗುವಂತೆ ಮಾಡಿದ್ದು. ಆ ಪುಡಿ ಮಣ್ಣಲ್ಲೇ ಉಳಿಯುತ್ತದೆ ಅಂತಲೇ ಯುರೋಪ್ ಒಕ್ಕೂಟ 2019ರ ಕಾನೂನಿನಲ್ಲಿ ಅದನ್ನು ನಿಷೇಧಿಸಿತು. ‘ಕರಗುವ’ ಅಂದರೆ ಬೆಲ್ಲ ನೀರಲ್ಲಿ ಕರಗಿದ ಹಾಗೆ. ಕಣ್ಣಿಗೆ ಕಾಣದಿದ್ದರೂ ಬೆಲ್ಲ ಅಲ್ಲೇ ಇದೆ, ಅಲ್ವಾ? ‘ಕೊಳೆಯುವ’ ಹತ್ತಿರ ಬರುತ್ತದೆ. ಆದರೆ ಬೇರು ಕೊಳೆ, ಕಾಯಿ ಕೊಳೆ ಕಂಡು ನೊಂದ ರೈತರಿಗೆ ಕೊಳೆಯುವ ಪೇಪರ್ ಹಾಸಿ ಅಂತ ಹೇಗೆ ಹೇಳಲಿ?

ನನ್ನ ಮನಸ್ಸು ‘ಕಳಿಯುವ’ ಕಡೆಗಿದೆ. ‘ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ’ ಅನ್ನುತ್ತೇವಲ್ಲ, ಅದೇ ಕಳಿ. ನಡೆಯುವುದೂ ಹೆಚ್ಚುಕಡಿಮೆ ಅದೇ. ಇಂಥ ಪೇಪರ್‌ಗೆ ಬಳಸುವ ಪಿಬಿಎಟಿ, ಪಿಎಲ್‌ಎಯಂಥ ಪ್ಲಾಸ್ಟಿಕ್‌ಗಳ ಅಣುಗಳು ಉದ್ದ ಸರಪಳಿಯ ಹಾಗೆ, ಅದರಲ್ಲಿ ಎಸ್ಟರ್ ಅನ್ನುವ ಕೊಂಡಿಗಳಿವೆ. ನೀರು, ಸೂಕ್ಷ್ಮಜೀವಿಗಳು ಬಿಡುವ ಕಿಣ್ವ ಸೇರಿ ಅವನ್ನು ಕತ್ತರಿಸುತ್ತವೆ. ತುಂಡುಗಳು ಸಾಕಷ್ಟು ಚಿಕ್ಕದಾದಾಗ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ತಿಂದುಬಿಡುತ್ತವೆ. ಕೊನೆಗೆ ಇಂಗಾಲದ ಡೈಆಕ್ಸೈಡ್, ನೀರು, ಆ ಜೀವಿಗಳ ಮೈ, ಇಷ್ಟೇ. ಗಡಿ ಕಡೆಯ ತೆಲುಗಿನವರೂ ‘ಮಾಗಿನ ಎರುವು’ ಅನ್ನುತ್ತಾರೆ. ಅಲ್ಲೂ ಹಣ್ಣಿನ ಮಾತೇ ಗೊಬ್ಬರಕ್ಕೆ ಬಂದಿದೆ. ನನಗೆ ಇದು ತುಂಬಾ ಹಿಡಿಸಿತು.

ಒಂದು ಎಚ್ಚರಿಕೆ ಮಾತ್ರ ಬೇಕು. ಸುಮ್ನೆ ‘ಕಳಿಯುವ’ ಅಂದರೆ ಸಾಲದು, ಎಲ್ಲಿ, ಎಷ್ಟು ದಿನಕ್ಕೆ ಅಂತಲೂ ಹೇಳಬೇಕು. ಪಿಎಲ್‌ಎ ಬೇಗ ಕಳಿಯಲು ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹೊಲದ ಮಣ್ಣಲ್ಲಿ ವರ್ಷಗಟ್ಟಲೆ ಹಾಗೇ ಇರಬಹುದು. ಮಣ್ಣಲ್ಲೇ ಕಳಿಯುವ ಮಲ್ಚಿಂಗ್ ಪೇಪರ್‌ಗೆ ಯುರೋಪಿನಲ್ಲಿ ಇಎನ್ 17033 ಅನ್ನುವ ಮಾನದಂಡ ಇದೆ. ಪರೀಕ್ಷೆಯಲ್ಲಿ ಎರಡು ವರ್ಷದೊಳಗೆ ಪೇಪರ್‌ನಲ್ಲಿರುವ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು.

ಕರಪತ್ರದಲ್ಲಿ ನನ್ನನ್ನು ಕಾಡುತ್ತಿರುವ ಇನ್ನೊಂದು ಪದ ‘ನ್ಯಾನೋಕಾಂಪೋಸಿಟ್’. ‘ನ್ಯಾನೋ ಸಂಯುಕ್ತ’ ಅಂತ ಬರೆಯುವವರಿದ್ದಾರೆ. ಆದರೆ ಸಂಯುಕ್ತ ಅಂದರೆ ಶಾಲೆಯಲ್ಲಿ ಕಲಿತದ್ದು ಮೂಲವಸ್ತುಗಳು ರಾಸಾಯನಿಕವಾಗಿ ಕೂಡಿ ಆದ ನೀರು, ಉಪ್ಪಿನಂಥವು. ಇಲ್ಲಿ ಒಂದು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ದಪ್ಪದ ಜೇಡಿಮಣ್ಣಿನ ಪದರಗಳು ಪ್ಲಾಸ್ಟಿಕ್ ಒಳಗೆ ಹರಡಿರುತ್ತವೆ. ಗೋಡೆಯ ಮಣ್ಣಿಗೆ ಹುಲ್ಲು ಕಲಸಿದ ಹಾಗೆ, ಗಟ್ಟಿ ಜಾಸ್ತಿಯಾಗುತ್ತದೆ. ಈ ಪದರಗಳು ನೀರಿನ ದಾರಿಯನ್ನು ಸುತ್ತುಬಳಸು ಮಾಡಿ ಕಳಿಯುವುದನ್ನು ತಡ ಮಾಡಬಹುದು. ನೀರು ಹೀರುವ ಜೇಡಿಯಾದರೆ ಬೇಗವೂ ಮಾಡಬಹುದು. ‘ಬೆರಕೆ’ ಅಂದರೆ ಕಲಬೆರಕೆ ನೆನಪಾಗುತ್ತದೆ. ‘ನ್ಯಾನೋ ಜೇಡಿ ಕಲಸಿದ ಪ್ಲಾಸ್ಟಿಕ್’ ಅಂತ ಸದ್ಯಕ್ಕೆ ಬರೆದಿದ್ದೇನೆ. ಉದ್ದವಾಯಿತು.

ಮಾಲೂರು, ಶ್ರೀನಿವಾಸಪುರ, ಚಿಂತಾಮಣಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯಲ್ಲಿ ‘ಕಳಿ’ ಗೊಬ್ಬರಕ್ಕೂ ಬರುತ್ತಾ, ಹಣ್ಣಿಗೆ ಮಾತ್ರವಾ? ಕಲಸಿದ್ದಕ್ಕೆ ಇದಕ್ಕಿಂತ ಚಿಕ್ಕ ಪದ ಯಾರ ಬಾಯಲ್ಲಾದರೂ ಇದೆಯಾ?